ಕನಸಲ್ಲಿ ಮುಳುಗಿದ ಹುಡುಗನನ್ನು ಹಗಲಲ್ಲಿ ಪ್ರೀತಿಸುವುದು ಹೇಗೆ?

ಪ್ರಶ್ನೆ: ನಾನು ಹದಿಹರೆಯದವರಿಗಾಗಿ ಕನ್ನಡದಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ತೀರ್ಥಹಳ್ಳಿಯಲ್ಲಿ. ನಾಯಕಿ ಮೊದಲ ಪಿಯುಸಿ ಓದುವ ಹುಡುಗಿ. ಅವಳಿಗೆ ಬಿದ್ದ ಕನಸು ನಿಜವಾಗುತ್ತದೆ. ಒಬ್ಬ ಹುಡುಗ ತುಂಗಾ ಹೊಳೆಯಲ್ಲಿ ಮುಳುಗುವುದನ್ನು ಕನಸಲ್ಲಿ ಕಾಣುತ್ತಾಳೆ. ಮರುವಾರ ಅದೇ ಹುಡುಗ ಅವಳ ಕಾಲೇಜಿಗೆ ಬಂದು ಸೇರುತ್ತಾನೆ. ಅವನನ್ನೇ ಪ್ರೀತಿಸುತ್ತಾಳೆ. ನಾನು ಇಂಗ್ಲಿಷಿನ ಪ್ಯಾರಾನಾರ್ಮಲ್ ರೊಮ್ಯಾನ್ಸ್, ಅಂದರೆ ಅತಿಮಾನುಷ ಸಂಗತಿ ಬೆರೆತ ಪ್ರೇಮಕಥೆಗಳನ್ನು ಓದಿ ಬೆಳೆದವಳು. ಕರಡು ಓದಿದ ಗೆಳತಿ, "ಮೂರನೇ ಅಧ್ಯಾಯಕ್ಕೇ ಕೊನೆ ಗೊತ್ತಾಯ್ತು, ಪ್ರೀತಿ ಯಾಕೆ ಹುಟ್ತು ಅಂತ ಮಾತ್ರ ಕೊನೆವರೆಗೂ ಗೊತ್ತಾಗ್ಲಿಲ್ಲ" ಅಂದಳು. ಎಲ್ಲಿ ಸರಿಮಾಡಲಿ? ಕೊನೆಗೆ ಹುಡುಗ ಸಾಯಬೇಕಾ, ಬದುಕಬೇಕಾ?

ಉತ್ತರ: ನಿಮ್ಮ ಗೆಳತಿ ಒಂದೇ ಮಾತಲ್ಲಿ ಎರಡು ತೊಂದರೆ ಹೇಳಿದ್ದಾರೆ. ಎರಡಕ್ಕೂ ಮೂಲ ಒಂದೇ. ನಿಮ್ಮ ಕಥೆಯಲ್ಲಿ ಎಲ್ಲ ಕೆಲಸವನ್ನೂ ಕನಸೇ ಮಾಡುತ್ತಿದೆ. ಹುಡುಗನನ್ನು ತೋರಿಸುವುದು ಕನಸು. ಅವನ ಮೇಲೆ ಮನಸ್ಸು ಬರುವ ಹಾಗೆ ಮಾಡುವುದು ಕನಸು. ಅವನು ಸಾಯುತ್ತಾನೆ ಎಂದು ಹೇಳುವುದೂ ಕನಸೇ. ಹೀಗಾದರೆ ಎಚ್ಚರವಾಗಿರುವ ಹುಡುಗಿಗೆ ಮಾಡಲು ಏನು ಉಳಿಯಿತು? ಮುಂದೆ ಏನು ನಡೆಯುತ್ತದೆ ಅನ್ನುವುದನ್ನು ಕನಸು ಹೇಳಲಿ. ಅವಳು ಯಾರನ್ನು ಪ್ರೀತಿಸಬೇಕು ಅನ್ನುವುದನ್ನು ಹೇಳುವುದು ಬೇಡ. ಪ್ರೀತಿ ಹಗಲಲ್ಲೇ ಹುಟ್ಟಬೇಕು, ನಾಲ್ಕು ಜನರ ನಡುವೆ, ಲ್ಯಾಬಿನಲ್ಲೋ ಬಸ್ಸಿನಲ್ಲೋ.

ಈ ಬಗೆಯ ಕಥೆಗಳಿಗೆ ಮೊದಲಿಂದಲೂ ಈ ಅಭ್ಯಾಸ ಇದೆ. ಅಮೆರಿಕದಲ್ಲಿ ಇದರ ದೊಡ್ಡ ಅಲೆ ಎದ್ದದ್ದು 2005ರಲ್ಲಿ 'ಟ್ವೈಲೈಟ್' ಬಂದಮೇಲೆ. ಅದನ್ನು ಬರೆದ ಸ್ಟೆಫನಿ ಮೇಯರ್ ಅವರಿಗೆ ಕಥೆಯ ಬೀಜ ಸಿಕ್ಕಿದ್ದೇ 2003ರ ಜೂನ್ ತಿಂಗಳಲ್ಲಿ ಬಿದ್ದ ಒಂದು ಕನಸಿನಲ್ಲಿ. ಒಬ್ಬ ಹುಡುಗಿ, ಒಬ್ಬ ರಕ್ತಪಿಶಾಚಿ ಹುಲ್ಲುಗಾವಲಲ್ಲಿ ನಿಂತು ಮಾತಾಡುತ್ತಿದ್ದರು. ಅವರಿಬ್ಬರ ನಡುವೆ ಆಗಲೇ ಪ್ರೀತಿ ಇತ್ತು. ಅಂದರೆ ಲೇಖಕಿಗೆ ಪ್ರೀತಿ ಸಿದ್ಧವಾಗಿಯೇ ಸಿಕ್ಕಿತು. ಆ ಇಬ್ಬರು ಅಲ್ಲಿಗೆ ಹೇಗೆ ಬಂದರು ಅನ್ನುವುದನ್ನು ಲೇಖಕಿ ಆಮೇಲೆ ಕೂತು ಬರೆಯಬೇಕಾಯಿತು. ಅವರ ನಂತರ ಬಂದ ಎಷ್ಟೋ ಪುಸ್ತಕಗಳು ಆ ಕೆಲಸವನ್ನೇ ಬಿಟ್ಟುಬಿಟ್ಟವು. ವಿಧಿ ಹೇಳಿದೆ, ಹುಡುಗಿ ಪ್ರೀತಿಸುತ್ತಾಳೆ, ಅಷ್ಟೇ.

ನಮ್ಮಲ್ಲಿ ಇಂಥ ಕಥೆ ಹೊಸದಲ್ಲ ಅನ್ನುವುದನ್ನೂ ನೆನಪಿಡಿ. ಭಾಗವತದ ಉಷೆ ಬಾಣಾಸುರನ ಮಗಳು, ಇನ್ನೂ ಮದುವೆಯಾಗದ ಹುಡುಗಿ. ಹಿಂದೆಂದೂ ಕಾಣದ, ಕೇಳದ ಹುಡುಗನೊಬ್ಬ ಅವಳ ಕನಸಿಗೆ ಬರುತ್ತಾನೆ. ಎದ್ದವಳು ಅವನಿಗಾಗಿ ಹಂಬಲಿಸುತ್ತಾಳೆ. ಕನಕದಾಸರು 'ಮೋಹನತರಂಗಿಣಿ'ಯಲ್ಲಿ ಇದನ್ನು ಸಾಂಗತ್ಯ ಛಂದಸ್ಸಿನಲ್ಲಿ ಹೇಳಿದರು. ಯಕ್ಷಗಾನದಲ್ಲಿ 'ಉಷಾ ಪರಿಣಯ' ನೋಡಿದವರು ನಿಮ್ಮ ಊರಲ್ಲೇ ಬೇಕಾದಷ್ಟು ಜನ ಇರುತ್ತಾರೆ. ಇಲ್ಲಿ ಕನಸೇ ಪ್ರೀತಿ ಕೊಟ್ಟುಬಿಟ್ಟಿದೆ, ನಿಜ. ಆದರೆ ಕಥೆ ನಿಂತಿರುವುದು ಗೆಳತಿ ಚಿತ್ರಲೇಖೆಯ ಮೇಲೆ. ಅವಳು ದೇವತೆಗಳು, ಗಂಧರ್ವರು, ಯಾದವರು ಅಂತ ಒಬ್ಬೊಬ್ಬರ ಚಿತ್ರ ಬರೆದು ತೋರಿಸುತ್ತಾಳೆ. ಪ್ರದ್ಯುಮ್ನನ ಚಿತ್ರ ಕಂಡಾಗ ಉಷೆ ನಾಚುತ್ತಾಳೆ. ಅವನು ಮುಂದೆ ಮಾವನಾಗುವವನು! ಅವನ ಮಗ ಅನಿರುದ್ಧನ ಚಿತ್ರ ಬಂದಾಗ ತಲೆ ತಗ್ಗಿಸಿ ಇವನೇ ಅನ್ನುತ್ತಾಳೆ. ಈ ಗುರುತು ಹಿಡಿಯುವ ಆಟ ಕನಸಿಗಿಂತ ಎಷ್ಟೋ ಚೆಂದ, ಅಲ್ವಾ? ಅದು ನಡೆಯುವುದು ಎಚ್ಚರದಲ್ಲಿ, ಇಬ್ಬರು ಹುಡುಗಿಯರ ನಡುವೆ. ನಿಮ್ಮ ನಾಯಕಿಗೂ ಒಬ್ಬ ಚಿತ್ರಲೇಖೆ ಬೇಕು. ಈಗಿನ ಕರಡಿನಲ್ಲಿ ಅವಳು ಎಲ್ಲವನ್ನೂ ತನ್ನೊಳಗೇ ಹೇಳಿಕೊಳ್ಳುತ್ತಿದ್ದಾಳೆ ಎಂದು ನನ್ನ ಊಹೆ.

ಇನ್ನು ಕನಸಿನ ನಿಯಮಕ್ಕೆ ಬರೋಣ. ನಿಯಮ ಇಲ್ಲದ ಶಕ್ತಿ ಕಥೆಯನ್ನು ಹಾಳುಮಾಡುತ್ತದೆ. ಯಾವಾಗ ಬೇಕೋ ಆಗ ಕನಸು ಬೀಳುವುದು, ಲೇಖಕರಿಗೆ ಬೇಡದಾಗ ಬೀಳದಿರುವುದು, ಇದನ್ನು ಓದುಗರು ಬೇಗ ಹಿಡಿಯುತ್ತಾರೆ. 'ಟ್ವೈಲೈಟ್'ನಲ್ಲೇ ಆಲಿಸ್ ಎಂಬ ಪಾತ್ರಕ್ಕೆ ಮುಂದಾಗುವುದು ಕಾಣುತ್ತದೆ. ಆದರೆ ಜನ ತೀರ್ಮಾನ ಮಾಡಿದ ಮೇಲೆ ಮಾತ್ರ. ತೀರ್ಮಾನ ಬದಲಾದರೆ ಅವಳಿಗೆ ಕಂಡದ್ದೂ ಬದಲಾಗುತ್ತದೆ. ಅದು ಗಟ್ಟಿ ನಿಯಮ. ನಿಮಗೆ ಅದಕ್ಕಿಂತ ಬೇರೆಯದೊಂದು ಬೇಕು. ಅದಕ್ಕೆ ಜೆ. ಡಬ್ಲ್ಯು. ಡನ್ ಅವರ ಕಥೆ ಹೇಳುತ್ತೇನೆ.

ಡನ್ ಬ್ರಿಟಿಷ್ ಸೈನಿಕ, ಆಮೇಲೆ ವಿಮಾನ ಕಟ್ಟಿದ ಇಂಜಿನಿಯರ್. 1902ರಲ್ಲಿ ಅವರು ಯುದ್ಧಕ್ಕಾಗಿ ದಕ್ಷಿಣ ಆಫ್ರಿಕಾದಲ್ಲಿದ್ದರು. ಒಂದು ದ್ವೀಪ ಸಿಡಿದುಹೋಗುತ್ತದೆ, 4,000 ಜನ ಸಾಯುತ್ತಾರೆ, ಹಡಗು ಕಳಿಸಿ ಎಂದು ತಾನು ಫ್ರೆಂಚ್ ಅಧಿಕಾರಿಗಳನ್ನು ಬೇಡುತ್ತಿದ್ದೇನೆ, ಹೀಗೆ ಕನಸು ಬಿತ್ತು. ಮುಂದೆ ಬಂದ ಪತ್ರಿಕೆಯ ಕಟ್ಟಿನಲ್ಲಿ ಮಾರ್ಟಿನೀಕ್ ದ್ವೀಪದ ಪೆಲೆ ಜ್ವಾಲಾಮುಖಿ ಸಿಡಿದ ಸುದ್ದಿ ಇತ್ತು. ಅವರು ತಲೆಬರಹ ಓದಿ 4,000 ಅಂತಲೇ ತಿಳಿದರು. ವರ್ಷಗಳು ಕಳೆದು ಅದನ್ನು ನಕಲು ಮಾಡಿಕೊಳ್ಳಲು ಕೂತಾಗ ಕಂಡಿತು, ಅಲ್ಲಿ ಅಚ್ಚಾಗಿದ್ದದ್ದು 40,000. ನಿಜವಾಗಿ ಸತ್ತವರು ಸುಮಾರು 30,000. ಅಂದರೆ ಅವರ ಕನಸಿನ ಸಂಖ್ಯೆ ಘಟನೆಗೂ ಹೊಂದಲಿಲ್ಲ, ಪತ್ರಿಕೆಗೂ ಹೊಂದಲಿಲ್ಲ. ಅವಸರದಲ್ಲಿ ಅವರ ಕಣ್ಣು ತಪ್ಪಾಗಿ ಓದಿದ್ದಕ್ಕೆ ಹೊಂದಿತು. ಇದರಿಂದ ಡನ್ ಒಂದು ಸಿದ್ಧಾಂತ ಕಟ್ಟಿದರು: ಕನಸಿಗೆ ಕಾಣುವುದು ಲೋಕದಲ್ಲಿ ಮುಂದೆ ಆಗುವುದಲ್ಲ, ನನಗೆ ಮುಂದೆ ಆಗುವ ಅನುಭವ. 1927ರಲ್ಲಿ ಇದರ ಬಗ್ಗೆ ಅವರ ಪುಸ್ತಕ ಬಂತು, ಬಹಳ ಜನ ಓದಿದರು. ವಿಜ್ಞಾನ ಅದನ್ನು ಒಪ್ಪಲಿಲ್ಲ. ಕಾದಂಬರಿಗೆ ವಿಜ್ಞಾನದ ಒಪ್ಪಿಗೆ ಬೇಕಾಗಿಲ್ಲ, ನಿಯಮ ಒಂದಿದ್ದರೆ ಸಾಕು. ಇದು ಬಹಳ ಒಳ್ಳೆಯ ನಿಯಮ.

ಇದನ್ನು ನಿಮ್ಮ ಹುಡುಗಿಗೆ ಹಾಕಿ ನೋಡಿ. ಅವಳಿಗೆ ಕನಸಲ್ಲಿ ಕಾಣುವುದು ಮುಂದೆ ಅವಳ ಕಣ್ಣಿಗೇ ಬೀಳುವಂಥದ್ದು ಮಾತ್ರ. ಹುಡುಗ ಮುಳುಗುವುದನ್ನು ಅವಳು ಕಂಡಿದ್ದಾಳೆ ಅಂದರೆ ಅವತ್ತು ಅವಳು ಅಲ್ಲಿ ಇರುತ್ತಾಳೆ. ಇದು ಅವಳಿಗೆ ಹೊಳೆದ ಕ್ಷಣ ಕಥೆಗೆ ಜೀವ ಬರುತ್ತದೆ. ನಾನು ಅವನ ಹತ್ತಿರ ಇಲ್ಲದಿದ್ದರೆ ಕನಸು ನಿಜವಾಗೋದಕ್ಕೇ ಆಗಲ್ಲ, ಅಂತ ಅವಳು ಲೆಕ್ಕ ಹಾಕುತ್ತಾಳೆ. ಅವನ ಬೆಂಚಿನಿಂದ ಎದ್ದು ಹೋಗುತ್ತಾಳೆ. ಅವನು ಬರುವ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುತ್ತಾಳೆ. ಅವನಿಗೆ ಇದೇನೂ ಗೊತ್ತಿಲ್ಲ. ಈ ಹುಡುಗಿಗೆ ನನ್ನ ಕಂಡರೆ ಆಗಲ್ಲ ಅಂದುಕೊಳ್ಳುತ್ತಾನೆ, ಯಾಕೆ ಅಂತ ಕೇಳಲು ಬರುತ್ತಾನೆ. ನೋಡಿ, ಈಗ ಅವಳು ಅವನಿಂದ ಓಡುತ್ತಿದ್ದಾಳೆ, ಅವನು ಹತ್ತಿರ ಬರುತ್ತಿದ್ದಾನೆ. ಈ ಓಡಾಟದಲ್ಲಿ ಅವನ ಬಗ್ಗೆ ಒಂದೊಂದೇ ಸಂಗತಿ ತಿಳಿಯುತ್ತದೆ. ಅವನು ಯಾರ ನೋಟ್ಸನ್ನೂ ಕೇಳಲ್ಲ, ತಂಗಿಯ ಫೋನ್ ಬಂದರೆ ಎಂಥ ಜಗಳದಲ್ಲೂ ಎತ್ತುತ್ತಾನೆ, ಈಜು ಬರಲ್ಲ ಅಂತ ಎಲ್ಲರ ಎದುರು ಒಪ್ಪಿಕೊಳ್ಳುತ್ತಾನೆ. ಪ್ರೀತಿ ಯಾಕೆ ಹುಟ್ಟಿತು ಎಂಬ ನಿಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಇಲ್ಲಿ ಬರುತ್ತದೆ.

ಡನ್ ಕಥೆಯಿಂದ ಇನ್ನೊಂದು ಉಪಾಯವೂ ಸಿಗುತ್ತದೆ. ಅವರಿಗೆ ಕಂಡದ್ದು ಘಟನೆ ಅಲ್ಲ, ಸುದ್ದಿ. ನಿಮ್ಮ ಹುಡುಗಿಗೆ ಬೀಳುವ ಚಿಕ್ಕ ಕನಸುಗಳಲ್ಲಿ ಒಂದರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಅವನ ಫೋಟೋ ಇರುವ ಫ್ಲೆಕ್ಸ್ ಕಾಣಲಿ. ನಮ್ಮ ಊರುಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ದೂರದಿಂದ ಏನು ವ್ಯತ್ಯಾಸ? ಎರಡರಲ್ಲೂ ದೊಡ್ಡ ಮುಖ, ಸುತ್ತ ಹೂವು, ಕೆಳಗೆ ಸಾಲಾಗಿ ಗೆಳೆಯರ ಚಿಕ್ಕ ಫೋಟೋಗಳು. ಮೇಲಿನ ಅಕ್ಷರ ಓದಬೇಕು ಅಷ್ಟೇ. ಕನಸಲ್ಲಿ ಅಕ್ಷರ ಓದಲು ಹೋದರೆ ನಿಲ್ಲುವುದಿಲ್ಲ, ಜಾರಿಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅವಳು ಅದನ್ನು ಓದಲಾರದೆ ಎದ್ದರೆ ಆ ಭಯ ಓದುಗರಿಗೂ ಅಂಟುತ್ತದೆ. ಆಮೇಲೆ ಅದು ಕಬಡ್ಡಿ ಟೂರ್ನಮೆಂಟಿನಲ್ಲಿ ಗೆದ್ದದ್ದಕ್ಕೆ ಹಾಕಿದ ಫ್ಲೆಕ್ಸ್ ಆಗಿರಲಿ. ಕನಸು ಸುಳ್ಳಾಗಲಿಲ್ಲ, ಅವಳ ಅರ್ಥ ಸುಳ್ಳಾಯಿತು. ಇಂಥದ್ದೊಂದು ಕಥೆಯ ಮೊದಲ ಭಾಗದಲ್ಲೇ ಬಂದರೆ, ಹೊಳೆಯ ಕನಸಿನ ಅರ್ಥವನ್ನೂ ಸುಲಭವಾಗಿ ನಂಬುವ ಹಾಗಿಲ್ಲ ಅಂತ ಓದುಗರಿಗೆ ತಿಳಿಯುತ್ತದೆ. ಮೂರನೇ ಅಧ್ಯಾಯಕ್ಕೇ ಕೊನೆ ಗೊತ್ತಾಗುವ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಈಗ ಹೊಳೆಯ ಕನಸನ್ನೇ ಹತ್ತಿರದಿಂದ ನೋಡೋಣ. ಇಂಥ ಕನಸುಗಳನ್ನು ನಾನು ಓದುವ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಹೀಗೆ ಬರೆದಿರುತ್ತಾರೆ: ಕಗ್ಗತ್ತಲು, ಕಪ್ಪು ನೀರು, ಮೇಲೆ ಚಾಚಿದ ಕೈ, ಎದೆ ಸೀಳುವ ಕೂಗು, ಬೆವರಿ ಎದ್ದು ಕೂತ ಹುಡುಗಿ. ಇದು ಯಾರ ಕನಸೂ ಅಲ್ಲ. ಕನಸಲ್ಲಿ ಭಯ ಬರುವುದು ಚಿಕ್ಕ ವಿವರಗಳಿಂದ. ನಾನಾದರೆ ಹೀಗೆ ಶುರು ಮಾಡುತ್ತೇನೆ:

"ಮೆಟ್ಟಿಲ ಮೇಲೆ ಒಂದು ಚಪ್ಪಲಿ ಇತ್ತು. ಎಡಗಾಲಿನದು. ಇನ್ನೊಂದು ಕಾಣಲಿಲ್ಲ. ಮೆಟ್ಟಿಲು ಯಾಕೋ ನನಗಿಂತ ಎತ್ತರದಲ್ಲಿತ್ತು. ಹಿಂದೆ ಬಂಡೆಗಳು ಬಿಸಿಲಿಗೆ ಬೆಳ್ಳಗಿದ್ದವು. ಅವನು ಏನೋ ಕೂಗುತ್ತಿದ್ದ, ಸದ್ದು ಮಾತ್ರ ಗೋಡೆಯಾಚೆಯಿಂದ ಬಂದ ಹಾಗಿತ್ತು. ಅವನ ಬಿಳಿ ಅಂಗಿಯ ತೋಳು ನೀರಲ್ಲಿ ಉಬ್ಬಿತು. ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು."

ಇಲ್ಲಿ ಸಾವು ಅನ್ನುವ ಮಾತೇ ಇಲ್ಲ. ಮುಳುಗಿದ ಅಂತಲೂ ಇಲ್ಲ. ಆ ಮಾತು ಸೇರಿಸುವವಳು ಎದ್ದಮೇಲಿನ ಹುಡುಗಿ. ಕಂಡದ್ದು ಬೇರೆ, ಅದಕ್ಕೆ ಕೊಟ್ಟ ಅರ್ಥ ಬೇರೆ. ಈ ಎರಡನ್ನೂ ಬೇರೆ ಬೇರೆ ಬರೆದಿಡುವುದು ಹೇಗೆ ಅನ್ನುವುದಕ್ಕೆ ನಮ್ಮಲ್ಲೇ ಒಂದು ದಾಖಲೆ ಇದೆ. ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರ್ಸಿಯಲ್ಲಿ ಸ್ವಂತ ಕೈಬರಹದಲ್ಲಿ ಬರೆದಿಟ್ಟಿದ್ದ, ಒಟ್ಟು 37. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಆ ಪುಸ್ತಕ ಅರಮನೆಯಲ್ಲಿ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಕನಸಲ್ಲಿ ಗಂಡಿನ ಉಡುಪಿನಲ್ಲಿದ್ದವರು ಹೆಣ್ಣೆಂದು ತಿಳಿಯುತ್ತದೆ. ಅವನು ಅದನ್ನು ಮರಾಠರಿಗೆ ಹೊಂದಿಸಿ, ತನಗೇ ಗೆಲುವು ಅಂತ ಅರ್ಥ ಮಾಡಿಕೊಳ್ಳುತ್ತಾನೆ. ಅರ್ಥದಲ್ಲಿ ಕಾಣುವುದು ಕನಸು ಕಂಡವನ ಆಸೆ. ನಿಮ್ಮ ಹುಡುಗಿ ನೋಟ್‌ಬುಕ್ಕಿನ ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅದರ ಅರ್ಥ ಬರೆಯಲಿ. ತಪ್ಪು ಯಾವಾಗಲೂ ಬಲಪುಟದಲ್ಲಿರುತ್ತದೆ.

ಆ ಕನಸಲ್ಲಿ ಬಿಸಿಲಿಗೆ ಬೆಳ್ಳಗಿದ್ದ ಬಂಡೆ ಯಾಕೆ ಹಾಕಿದೆ ಗೊತ್ತಾ? ನಿಮಗೆ ಆ ಹೊಳೆ ಚೆನ್ನಾಗಿ ಗೊತ್ತಿದೆ. ಮಳೆಗಾಲದಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುವಾಗ ಆ ಬಂಡೆಗಳು ಕಾಣುವುದಿಲ್ಲ. ಬಂಡೆ ಕಂಡಿದೆ ಅಂದರೆ ನೀರು ಇಳಿದ ಕಾಲ. ತೀರ್ಥಹಳ್ಳಿಯಲ್ಲಿ ಬೆಳೆದ ಹುಡುಗಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೂನ್‌ನಲ್ಲಿ ಕನಸು ಬಿದ್ದರೆ ಅವಳು ಏನು ಯೋಚಿಸುತ್ತಾಳೆ? ನೀರು ಇಳಿದಿರಬೇಕು, ಹೊಳೆ ಹತ್ತಿರ ಎಲ್ಲರೂ ಸೇರುವ ದಿನ ಆಗಿರಬೇಕು. ಹಾಗಾದರೆ ಎಳ್ಳಮಾವಾಸ್ಯೆ ಜಾತ್ರೆ. ಡಿಸೆಂಬರ್ ಬರುವವರೆಗೆ ಮಳೆಗಾಲವೆಲ್ಲ ನಿರಾಳವಾಗಿರುತ್ತಾಳೆ. ಅವನ ಜೊತೆ ಮಾತಾಡುವ ಧೈರ್ಯ ಬರುವುದೂ ಆವಾಗಲೇ. ಜಾತ್ರೆಯ ದಿನ ತೀರ್ಥಸ್ನಾನದ ನೂಕುನುಗ್ಗಲಿನಲ್ಲಿ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾಳೆ. ಏನೂ ಆಗುವುದಿಲ್ಲ. ಕನಸು ಸುಳ್ಳು ಎಂದು ನೋಟ್‌ಬುಕ್ಕನ್ನು ಒಲೆಗೆ ಹಾಕುತ್ತಾಳೆ. ಆಮೇಲೆ ಪರೀಕ್ಷೆ ಮುಗಿದ ದಿನ ಕ್ಲಾಸಿನವರೆಲ್ಲ ಹೊಳೆಗೆ ಹೊರಡುತ್ತಾರೆ. ನೀರು ಮೊಣಕಾಲಷ್ಟೇ ಅಂತ ಎಲ್ಲರೂ ಅಂದುಕೊಳ್ಳುವ ಕಾಲ. ಬೇಸಿಗೆಯ ಹೊಳೆಯಲ್ಲಿ ಮಡು ಎಲ್ಲಿದೆ ಅಂತ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಈಜಲು ಹೋದ ಹುಡುಗರ ಸುದ್ದಿ ನಾವು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಈ ಭಯಕ್ಕೆ ಭೂತ ಪ್ರೇತದ ಅಗತ್ಯ ಇಲ್ಲ.

ನಿದ್ದೆಯ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಬರವಣಿಗೆಗೆ ತೂಕ ಬರುತ್ತದೆ. 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ನಿದ್ದೆಯ ಒಂದು ಹಂತವನ್ನು ಗುರುತಿಸಿದರು. ಆ ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. ರೆಮ್ ನಿದ್ದೆ ಅನ್ನುವುದು ಇದನ್ನೇ. ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ಸುಮಾರು 90 ನಿಮಿಷಕ್ಕೊಮ್ಮೆ ಈ ಹಂತ ಬರುತ್ತದೆ, ಬೆಳಗಾಗುತ್ತ ಬಂದ ಹಾಗೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ನಮ್ಮ ಅಜ್ಜಿಯರು ಹೇಳುವುದಕ್ಕೆ ಇದೂ ಒಂದು ಕಾರಣ ಇರಬೇಕು. ಆ ಹೊತ್ತಿನ ಕನಸು ದೊಡ್ಡದು, ಸ್ಪಷ್ಟ, ಎದ್ದ ಕೂಡಲೇ ನೆನಪಲ್ಲಿರುತ್ತದೆ. ನಿಮಿಷಗಳಲ್ಲಿ ಬರೆದಿಡದಿದ್ದರೆ ಮರೆತೂಹೋಗುತ್ತದೆ. ಹದಿಹರೆಯದಲ್ಲಿ ರಾತ್ರಿ ನಿದ್ದೆ ಬರುವುದೇ ತಡ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ಹುಡುಗಿಗೆ ಬೆಳಗ್ಗೆ 6ಕ್ಕೆ ಟ್ಯೂಷನ್ ಇಡಿ. 5ಕ್ಕೆ ಅಲಾರಾಂ ಹೊಡೆದರೆ ಕನಸಿನ ಮಧ್ಯದಲ್ಲೇ ಎಚ್ಚರ. ಹಾಗಾಗಿ ಅವಳಿಗೆ ಯಾವ ಕನಸಿನ ಕೊನೆಯೂ ಸಿಗುವುದಿಲ್ಲ. ರಜೆಯ ದಿನ ಪೂರ್ತಿ ಮಲಗಿದರೆ ಕೊನೆಯವರೆಗೂ ಕಾಣಬಹುದು. ಆದರೆ ಅವಳಿಗೆ ಕಾಣುವ ಮನಸ್ಸಿಲ್ಲ, ಅಲಾರಾಂ ಇಟ್ಟುಕೊಂಡೇ ಮಲಗುತ್ತಾಳೆ. ಇದು ನಿಮ್ಮ ಕಥೆಗೆ ಎಷ್ಟು ಉಪಯೋಗ ಅಂತ ಬೇರೆ ಹೇಳಬೇಕಾಗಿಲ್ಲ. ಕಿರುಚಿಕೊಂಡು ಎದ್ದು ಕೂರುವ ದೃಶ್ಯ ಮಾತ್ರ ಕಡಿಮೆ ಮಾಡಿ. ಆ ನಿದ್ದೆಯಲ್ಲಿ ಮೈಯ ಸ್ನಾಯುಗಳು ಕೆಲಸ ಬಿಟ್ಟಿರುತ್ತವೆ. ಕೆಲವೊಮ್ಮೆ ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಕೈಕಾಲು ಆಡುವುದಿಲ್ಲ, ಬಾಯಿ ಬಿಡಲು ಆಗುವುದಿಲ್ಲ. ಪಕ್ಕದಲ್ಲಿ ತಂಗಿ ಮಲಗಿದ್ದಾಳೆ, ಕರೆಯೋಣ ಅಂದರೆ ದನಿ ಇಲ್ಲ. ಕಿರುಚುವುದಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ.

ಮನೆಯವರನ್ನೂ ಕಥೆಗೆ ಕರೆತನ್ನಿ. ಅಮೆರಿಕದ ಪುಸ್ತಕಗಳಲ್ಲಿ ಅಪ್ಪ ಅಮ್ಮ ಹೆಚ್ಚಾಗಿ ಮನೆಯಲ್ಲೇ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಕನಸಿಗೆ ಎಲ್ಲರ ಬಳಿಯೂ ಒಂದು ಮಾತು ಇದ್ದೇ ಇರುತ್ತದೆ. ಕನಸಲ್ಲಿ ಸತ್ತವರಿಗೆ ಆಯಸ್ಸು ಜಾಸ್ತಿ ಅಂತ ಅಮ್ಮ ಸುಮ್ನೆ ತಳ್ಳಿಹಾಕುತ್ತಾಳೆ. ಅಜ್ಜಿ ರಾತ್ರಿ ಮಲಗುವಾಗ 'ರಾಮಂ ಸ್ಕಂದಂ ಹನೂಮಂತಂ' ಹೇಳಿಸುತ್ತಾರೆ, ಕೆಟ್ಟ ಕನಸು ಬೀಳದಿರಲಿ ಅಂತ. ಹುಡುಗಿ ಅದನ್ನು ದಿನವೂ ಹೇಳುತ್ತಾಳೆ, ಕನಸು ಬೀಳುತ್ತಲೇ ಇರುತ್ತದೆ, ಅಜ್ಜಿಗೆ ಬೇಜಾರಾಗಬಾರದು ಅಂತ ನಿಂತುಹೋಗಿದೆ ಎಂದು ಸುಳ್ಳು ಹೇಳುತ್ತಾಳೆ. ಇಂಥ ಒಂದು ದೃಶ್ಯ ಅವಳ ಒಂಟಿತನವನ್ನು ಪೂರ್ತಿ ಹೇಳಿಬಿಡುತ್ತದೆ.

ಯಾರಿಗೆ ಹೇಳುವುದು ಅನ್ನುವುದೇ ಇಂಥ ಕಥೆಯ ಹೃದಯ ಎಂದು ನನಗೆ ಅನ್ನಿಸಿದ್ದು ಅಬರ್‌ಫಾನ್ ಬಗ್ಗೆ ಓದಿದಾಗ. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಆ ಊರಿನ ಮೇಲಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144, ಅವರಲ್ಲಿ 116 ಮಕ್ಕಳು. ಅದರ ಹಿಂದಿನ ದಿನ ಹತ್ತು ವರ್ಷದ ಹುಡುಗಿಯೊಬ್ಬಳು ತಾಯಿಗೆ ತನ್ನ ಕನಸು ಹೇಳಿದಳಂತೆ. ಶಾಲೆಗೆ ಹೋದರೆ ಶಾಲೆಯೇ ಇರಲಿಲ್ಲ, ಅದರ ಮೇಲೆಲ್ಲ ಏನೋ ಕಪ್ಪಗಿನದು ಬಿದ್ದಿತ್ತು ಅಂತ. ತಾಯಿಗೆ ಆಗ ಪುರುಸೊತ್ತಿರಲಿಲ್ಲ. ಮರುದಿನ ಆ ಮಗು ಉಳಿಯಲಿಲ್ಲ. ಇದು ಬರಹಕ್ಕೆ ಇಳಿದದ್ದು ದುರಂತ ಆದಮೇಲೆ. ದುಃಖದಲ್ಲಿ ನೆನಪು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ, ಹಾಗಾಗಿ ಇದನ್ನು ಪುರಾವೆ ಅನ್ನಲು ಆಗುವುದಿಲ್ಲ. ಆದರೆ ಬರೆಯುವವರು ನೋಡಬೇಕಾದದ್ದು ಕನಸನ್ನಲ್ಲ. ಹೇಳಬೇಕೆಂದು ಹಟ ಹಿಡಿದ ಮಗು, ಆಮೇಲೆ ಕೇಳ್ತೀನಿ ಅಂದ ತಾಯಿ, ಆ ತಾಯಿಯ ಮುಂದಿನ ಬದುಕು. ಪಾತ್ರೆ ತೊಳೆಯುತ್ತಲೋ ಸೊಪ್ಪು ಬಿಡಿಸುತ್ತಲೋ ಯಾವ ಅಮ್ಮನಾದರೂ ಹೇಳುವ ಮಾತು ಅದು.

ಆ ದುರಂತದ ನಂತರ ಜಾನ್ ಬಾರ್ಕರ್ ಎಂಬ ಮನೋವೈದ್ಯರು ಲಂಡನ್ ಪತ್ರಿಕೆಯ ಮೂಲಕ ಯಾರಿಗಾದರೂ ಮುನ್ಸೂಚನೆ ಸಿಕ್ಕಿತ್ತೇ ಎಂದು ಕೇಳಿದರು. 76 ಕಾಗದ ಬಂದವು. 1967ರಲ್ಲಿ ಅವರು ಮತ್ತು ಪತ್ರಕರ್ತ ಪೀಟರ್ ಫೇರ್ಲಿ ಸೇರಿ ಮುನ್ಸೂಚನೆಗಳನ್ನು ಮೊದಲೇ ದಾಖಲು ಮಾಡುವ ಒಂದು ಕಚೇರಿಯನ್ನೇ ತೆರೆದರು. ಕಾಗದ ಬರೆಯುತ್ತಿದ್ದವರಲ್ಲಿ ಒಬ್ಬರು ಬಾರ್ಕರ್ ಅವರಿಗೇ ಹೇಳಿದರು, ನಿಮ್ಮ ಜೀವಕ್ಕೆ ಅಪಾಯ ಇದೆ ಅಂತ. 1968ರ ಆಗಸ್ಟಿನಲ್ಲಿ ಬಾರ್ಕರ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರಿಗೆ 44 ವರ್ಷ. ಹೆದರಿಕೆಯಿಂದಲೇ ಮನುಷ್ಯ ಸಾಯಬಹುದೇ ಅನ್ನುವುದರ ಬಗ್ಗೆ ಅವರೇ ಒಂದು ಪುಸ್ತಕ ಬರೆದಿದ್ದರು.

ನಿಮ್ಮ ಹುಡುಗಿ ಆ ಹುಡುಗನಿಗೆ ವಿಷಯ ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ನೀನು ನೀರಲ್ಲಿ ಸಾಯ್ತೀಯ ಅಂತ ಹದಿನಾರರ ಹುಡುಗನಿಗೆ ಹೇಳಿದರೆ ಅವನು ಏನು ಮಾಡುತ್ತಾನೆ? ಕೆಲವರು ಹೊಳೆ ಕಡೆ ತಲೆ ಹಾಕಲ್ಲ. ಕೆಲವರು ಅದನ್ನು ಸುಳ್ಳು ಮಾಡಲೆಂದೇ ಹೋಗಿ ಧುಮುಕುತ್ತಾರೆ. ಹೇಳದಿದ್ದರೆ ಇನ್ನೊಂದು ತೊಂದರೆ. ಅವನ ಬದುಕಿನ ಅತಿ ದೊಡ್ಡ ಸಂಗತಿ ಅವಳ ನೋಟ್‌ಬುಕ್ಕಿನಲ್ಲಿದೆ, ಅವನಿಗೇ ಗೊತ್ತಿಲ್ಲ. ಈ ಬಗೆಯ ಕಥೆಗಳಲ್ಲಿ ಹುಡುಗಿ ಮಲಗಿರುವಾಗ ರಾತ್ರಿಯಿಡೀ ಕೂತು ನೋಡುವ ನಾಯಕನನ್ನು ಓದುಗರು ಎಷ್ಟೋ ಸಲ ಟೀಕಿಸಿದ್ದಾರೆ, ಸರಿಯಾಗಿಯೇ ಟೀಕಿಸಿದ್ದಾರೆ. ಅವನ ಒಪ್ಪಿಗೆ ಇಲ್ಲದೆ ಅವನ ಬದುಕನ್ನು ಕಾಣುವ ಹುಡುಗಿಯೂ ಅದನ್ನೇ ಮಾಡುತ್ತಿದ್ದಾಳೆ. ತಪ್ಪು ಅವಳದಲ್ಲ, ಕನಸು ಅವಳ ಕೈಯಲ್ಲಿಲ್ಲ. ಆದರೂ ಅದು ಅವಳನ್ನು ಕಾಡಬೇಕು. ಅವನು ತನ್ನ ಬಗ್ಗೆ ತಾನಾಗಿ ಹೇಳಿದ್ದನ್ನೂ, ತಾನು ಕನಸಲ್ಲಿ ಕದ್ದು ತಿಳಿದದ್ದನ್ನೂ ಅವಳು ಬೇರೆ ಬೇರೆ ಇಟ್ಟುಕೊಳ್ಳಲಿ. ಮುಟ್ಟುವ, ಮುದ್ದಿಸುವ ದೃಶ್ಯಗಳು ಈ ಕಥೆಗೆ ಬೇಡ. ಇಬ್ಬರೂ 18 ದಾಟದ ಮಕ್ಕಳು. ಬಸ್ಸಿನ ಕಂಬಿಯ ಮೇಲೆ ಪಕ್ಕ ಪಕ್ಕ ಇದ್ದ ಎರಡು ಕೈಗಳ ಬಗ್ಗೆ ಒಂದು ಪುಟ ಬರೆದರೆ ಓದುಗರ ಎದೆ ಅದಕ್ಕೇ ಹೊಡೆದುಕೊಳ್ಳುತ್ತದೆ.

ಮಧ್ಯದ ಭಾಗ ಸಪ್ಪೆಯಾದರೆ ಒಂದು ಉಪಾಯ ಹಳಗನ್ನಡದ ಕವಿ ಜನ್ನನಿಂದ ತೆಗೆದುಕೊಳ್ಳಿ. 1209ರ 'ಯಶೋಧರ ಚರಿತೆ'ಯಲ್ಲಿ ದೊರೆ ತನ್ನ ರಾಣಿ ಮಾವುತನ ಬಳಿಗೆ ಹೋಗುವುದನ್ನು ಕಾಣುತ್ತಾನೆ. ಅದನ್ನು ತಾಯಿಗೆ ಹೇಗೆ ಹೇಳುವುದು? ಕೆಟ್ಟ ಕನಸು ಬಿತ್ತು ಅಂತ ಸುಳ್ಳು ಹೇಳುತ್ತಾನೆ. ಹೆದರಿದ ತಾಯಿ ಶಾಂತಿಗೆ ಬಲಿ ಕೊಡು ಅನ್ನುತ್ತಾಳೆ. ಜೀವ ತೆಗೆಯಲು ಒಪ್ಪದ ಅವನು ಕೊನೆಗೆ ಹಿಟ್ಟಿನ ಕೋಳಿ ಕಡಿಯುತ್ತಾನೆ. ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಒಂದು ಸುಳ್ಳು ಕನಸು ತಾಯಿ ಮಗನನ್ನು ಜನ್ಮಜನ್ಮಗಳ ಕಷ್ಟಕ್ಕೆ ತಳ್ಳುತ್ತದೆ. ನಿಮ್ಮ ಹುಡುಗಿಯ ಕನಸು ನಿಜವಾಗುತ್ತದೆ ಅಂತ ಅವಳ ಗೆಳತಿಗೆ ಗೊತ್ತಾದ ಮೇಲೆ, ಒಂದೇ ಒಂದು ಸಲ ಹುಡುಗಿ ಬೀಳದ ಕನಸನ್ನು ಬಿತ್ತು ಅಂತ ಹೇಳಲಿ. ಅವನನ್ನು ಪಿಕ್‌ನಿಕ್ಕಿಗೆ ಹೋಗದಂತೆ ತಡೆಯಲೋ, ಅವನ ಜೊತೆ ಓಡಾಡುವ ಇನ್ನೊಬ್ಬ ಹುಡುಗಿಯನ್ನು ದೂರ ಇಡಲೋ. ಎರಡನೆಯ ಕಾರಣ ನನಗೆ ಹೆಚ್ಚು ಇಷ್ಟ. ಒಳ್ಳೆಯ ಹುಡುಗಿಯೂ ಹದಿನಾರಕ್ಕೆ ಅಂಥದ್ದು ಮಾಡುತ್ತಾಳೆ. ಆಮೇಲೆ ಅವಳು ನಿಜ ಹೇಳಿದಾಗ ಗೆಳತಿ ನಂಬುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಇರಲಿ. ಇಂಥ ಪುಸ್ತಕವನ್ನು ಓದುವವರಲ್ಲಿ ನಿಜವಾಗಿಯೂ ಯಾರನ್ನೋ ಕಳೆದುಕೊಂಡ ಮಕ್ಕಳಿರುತ್ತಾರೆ. ಅಜ್ಜ ಹೋಗುವ ಮೊದಲು ನನಗೆ ಕನಸು ಬಿದ್ದಿತ್ತು, ನಾನು ಹೇಳಲಿಲ್ಲ, ಅದಕ್ಕೇ ಹೀಗಾಯಿತು ಎಂದು ಒಳಗೇ ಬೇಯುವ ಮಕ್ಕಳಿದ್ದಾರೆ. ಕನಸು ಕಂಡದ್ದರಿಂದ ಯಾರೂ ಸಾಯುವುದಿಲ್ಲ ಎಂಬ ಮಾತನ್ನು ಕಥೆಯೊಳಗೆ ಯಾರಾದರೂ ದೊಡ್ಡವರು ಅವಳಿಗೆ ಹೇಳಬೇಕು. ಬಯಾಲಜಿ ಮೇಡಂ ಆಗಬಹುದು, ಅತ್ತೆ ಆಗಬಹುದು. ಕನಸಿನ ಭಯಕ್ಕೆ ನಿದ್ದೆಯೇ ಬಿಟ್ಟುಹೋದರೆ ಅವಳನ್ನು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಲಿ. ಅದರಿಂದ ಕಥೆಯ ಮಾಯೆ ಕಡಿಮೆಯಾಗುವುದಿಲ್ಲ.

ಕೊನೆಯ ಪ್ರಶ್ನೆ, ಹುಡುಗ ಸಾಯಬೇಕಾ? ನಾನು ಅವನನ್ನು ಬದುಕಿಸುತ್ತೇನೆ, ಆದರೆ ಕನಸಿನ ಒಂದು ವಿವರವನ್ನೂ ಸುಳ್ಳು ಮಾಡುವುದಿಲ್ಲ. ಮೇಲೆ ಬರೆದ ತುಣುಕನ್ನು ಇನ್ನೊಮ್ಮೆ ಓದಿ. ಮೆಟ್ಟಿಲು ಅವಳಿಗಿಂತ ಎತ್ತರದಲ್ಲಿತ್ತು. ಸದ್ದು ಗೋಡೆಯಾಚೆಯಿಂದ ಬಂದ ಹಾಗಿತ್ತು. ಅವಳು ದಡದಲ್ಲಿ ನಿಂತಿರಲಿಲ್ಲ. ನೀರಲ್ಲಿದ್ದವಳು ಅವಳೇ, ಕಿವಿಗೆ ನೀರು ತುಂಬಿತ್ತು. ಅವನು ಮುಳುಗುತ್ತಿರಲಿಲ್ಲ, ಓಡುವಾಗ ಒಂದು ಚಪ್ಪಲಿ ಕಳಚಿಬಿದ್ದಿತ್ತು, ಈಜು ಬರದಿದ್ದರೂ ಅವಳಿಗಾಗಿ ನೀರಿಗೆ ಇಳಿಯುತ್ತಿದ್ದ. ತನ್ನ ಕಣ್ಣಿಗೆ ಬೀಳುವುದಷ್ಟೇ ಕನಸಲ್ಲಿ ಕಾಣುತ್ತದೆ ಎಂಬ ನಿಯಮ ಅವಳಿಗೆ ಮೊದಲಿಂದ ಗೊತ್ತಿತ್ತು. ಆ ಕಣ್ಣು ಎಲ್ಲಿಂದ ನೋಡುತ್ತಿತ್ತು ಅಂತ ಮಾತ್ರ ಅವಳು ಕೇಳಿಕೊಳ್ಳಲಿಲ್ಲ. ದಡದಲ್ಲಿ ಯಾರದೋ ಲುಂಗಿಯೋ ದುಪಟ್ಟಾವೋ ಇರಲಿ, ಅದನ್ನು ಹಿಡಿದೇ ಇಬ್ಬರೂ ಮೇಲೆ ಬರಲಿ.

ಅಷ್ಟಕ್ಕೇ ಮುಗಿಸಬೇಡಿ. ಮರುದಿನ ಅವನು ಕೇಳುತ್ತಾನೆ, "ಜೂನ್‌ನಿಂದ ಗೊತ್ತಿತ್ತಾ ನಿನಗೆ?" ಅವಳು ಹೂಂ ಅನ್ನುತ್ತಾಳೆ. ಅವನಿಗೆ ಸಿಟ್ಟು ಬರಬೇಕು, ಬರುವುದೇ ನ್ಯಾಯ. ಆ ಜಗಳಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ, ಅವಸರ ಬೇಡ. ಮೊದಲು ಅದನ್ನೇ ಬರೆಯಿರಿ. ಅವನು ಯಾವ ಮಾತಿಗೆ ಎದ್ದು ಹೋಗುತ್ತಾನೆ, ಅವಳು ಯಾವ ಮಾತನ್ನು ಬಾಯಿವರೆಗೆ ತಂದು ನುಂಗುತ್ತಾಳೆ ಅಂತ ನಿಮಗೆ ಗೊತ್ತಾದರೆ, ಹಿಂದಿನ ಅಧ್ಯಾಯಗಳಲ್ಲಿ ಅವರಿಬ್ಬರ ನಡುವೆ ಏನೇನು ನಡೆದಿರಬೇಕು ಅನ್ನುವುದು ಅಲ್ಲಿಂದಲೇ ಸಿಗುತ್ತದೆ.